ಹಾವಿನ ಪೆಟ್ಟಿಗೆಯ ತಣ್ಣನೆ ಮೂಲೆ

ಹೋದ ಡಿಸೆಂಬರಿನಲ್ಲಿ ನಮ್ಮ ಟೀಮಿನ ಹುಡುಗನೊಬ್ಬನಿಗೆ ಆನ್‌ಸೈಟ್ ಸಿಕ್ತು. ಬಿಟಿಎಂ ಲೇಔಟಿನ ಅವನ ರೂಮು ಖಾಲಿ ಮಾಡುವಾಗ ಫ್ರಿಜ್ಜು, ವಾಷಿಂಗ್ ಮಷೀನು, ಗಿಟಾರು ಎಲ್ಲದಕ್ಕೂ ಗಿರಾಕಿ ಬಂದರು. ಕೊನೆಗೆ ಉಳಿದದ್ದು ಒಂದು ಗಾಜಿನ ಪೆಟ್ಟಿಗೆ, ಅದರೊಳಗೊಂದು ಬಾಲ್ ಪೈಥಾನ್. "ಗುರು, ನೀನು ಹಳ್ಳಿಯವನು, ನಿಂಗೆ ಹಾವು ಅಂದ್ರೆ ಭಯ ಇರಲ್ಲ, ಇಟ್ಕೋ" ಅಂದ. ಹಳ್ಳಿಯವರಿಗೆ ಹಾವಿನ ಭಯ ಇಲ್ಲ ಅಂತ ಇವರಿಗೆಲ್ಲ ಯಾರು ಹೇಳಿದರೋ! ನಮ್ಮ ಅರಸೀಕೆರೆ ಕಡೆ ಕತ್ತಲಾದ ಮೇಲೆ ತೋಟಕ್ಕೆ ಹೋಗಬೇಕಾದರೆ ಕೋಲು ಬಡಿದುಕೊಂಡೇ ಹೋಗ್ತೀವಿ.

ಬೇಡ ಅಂತಲೇ ಹೇಳಬೇಕಿತ್ತು. ದುಡ್ಡು ಕೊಟ್ಟು ಕಾಡುಪ್ರಾಣಿ ತಂದು ಸಾಕೋದು ಸರಿ ಅಂತ ನನಗೆ ಆಗಲೂ ಅನಿಸಿರಲಿಲ್ಲ, ಈಗಲೂ ಅನಿಸಿಲ್ಲ. ಆದರೆ ತಂದವನು ತಂದಾಗಿತ್ತು. ಬನ್ನೇರುಘಟ್ಟದ ಕಾಡಿಗೆ ಬಿಟ್ಟುಬಿಡೋಣ ಅನ್ನೋ ಹಾಗೂ ಇಲ್ಲ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಜೀವಿ, ನಮ್ಮ ಕಾಡಿಗೆ ಅದೂ ಪರಕೀಯ, ಅದಕ್ಕೆ ನಮ್ಮ ಕಾಡೂ ಪರಕೀಯ. ನಮ್ಮೂರಿನ ಕೇರೆ, ನಾಗರಹಾವನ್ನೆಲ್ಲ ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹೊರದೇಶದ ಇಂಥ ಹಾವಿಗೆ 2024ರ ನಿಯಮಗಳಂತೆ ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಣಿ ಆಗಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಅದನ್ನೆಲ್ಲ ಮುಗಿಸಿ ಜೆಪಿ ನಗರದ ನನ್ನ ಬಾಡಿಗೆ ಮನೆಗೆ ತಂದೆ. ಇಲಿ ತಿನ್ನಿಸೋದು ಸರಿಯಾ ಅನ್ನೋದು ಬೇರೆಯದೇ ಲೇಖನ, ಈಗ ಬೇಡ.

ನನ್ನನ್ನು ಕಾಡಿದ್ದು ಶಾಖದ ವಿಷಯ. ಡಿಸೆಂಬರ್ ರಾತ್ರಿ ಬೆಂಗಳೂರು 15-16 ಡಿಗ್ರಿಗೆ ಇಳಿಯುತ್ತೆ. ನಾವು ತಿಂದ ಅನ್ನದಿಂದಲೇ ಮೈ ಬೆಚ್ಚಗಿಟ್ಟುಕೊಳ್ತೀವಿ, ಹಾವಿಗೆ ಆ ವ್ಯವಸ್ಥೆ ಇಲ್ಲ. ಅದಕ್ಕೆ ಬಿಸಿ ಹೊರಗಿನಿಂದಲೇ ಬರಬೇಕು. ಬರದಿದ್ದರೆ ತಿಂದದ್ದು ಅರಗೋದಿಲ್ಲ, ಕಾಯಿಲೆ ಬೀಳುತ್ತೆ. "ಚಳಿ ಆಗ್ತಿದೆ" ಅಂತ ನಾಯಿಮರಿ ಥರ ಬಂದು ಕಾಲಿಗೆ ಒತ್ತಿಕೊಳ್ಳೋದೂ ಇಲ್ಲ.

ಹಳೇ ಹೀಟರ್ ಕೆಟ್ಟಿತ್ತು. ಅಂಗಡಿಯಲ್ಲಿ ನಾಲ್ಕೈದು ಬಗೆ ತೋರಿಸಿದರು. ಕೆಂಪು ಬಲ್ಬು: ರಾತ್ರಿಯಿಡೀ ಉರಿದು ಪಾಪದ ಪ್ರಾಣಿಗೆ ಹಗಲು ಯಾವುದು, ರಾತ್ರಿ ಯಾವುದು ಅನ್ನೋದನ್ನೇ ಮರೆಸುತ್ತೆ. ಒಳಗೇ ಬಿಸಿಯಾಗುವ ಕಲ್ಲು: ನೋಡೋಕೆ ಚಂದ, ಹಾವು ಸುಟ್ಟುಕೊಳ್ಳೋದಕ್ಕೆ ಹೆಸರುವಾಸಿ. ಬೆಳಕಿಲ್ಲದೆ ಮೇಲಿನಿಂದ ಕಾಯಿಸುವ ಸೆರಾಮಿಕ್ ಹೀಟರ್. ಆಮೇಲೆ ಪೆಟ್ಟಿಗೆಯ ಅಡಿಗೆ ಅಂಟಿಸುವ ಹೀಟ್ ಮ್ಯಾಟ್. ನಾನು ಮ್ಯಾಟ್ ತಗೊಂಡೆ. ಅದರ ಜೊತೆ ಥರ್ಮೋಸ್ಟಾಟ್ ಬೇಕೇ ಬೇಕು ಅಂದರು. ನಾಳೆ ಆರ್ಡರ್ ಮಾಡಿದರಾಯ್ತು ಅಂದುಕೊಂಡು, ಪೆಟ್ಟಿಗೆಯ ತಳದ ಉದ್ದಕ್ಕೂ ಮ್ಯಾಟ್ ಹಾಸಿ, ಪ್ಲಗ್ ಹಾಕಿ, ಕೈ ಇಟ್ಟು ನೋಡಿದೆ. ಹಿತವಾಗಿತ್ತು.

ಮಾಡಿದ ತಪ್ಪು ಇದೇ. ನನ್ನ ಕೈಗೆ ಹಿತವಾದದ್ದು ಅದಕ್ಕೂ ಹಿತ ಅಂದುಕೊಂಡೆ. ನಾನು ಕೈ ಇಟ್ಟಿದ್ದು ಅರ್ಧ ನಿಮಿಷ, ಅದು ಮಲಗಿದ್ದು ಇಡೀ ರಾತ್ರಿ. ರಿಲೀಸ್ ಇತ್ತು, ಆ 'ನಾಳೆ' ಒಂದು ವಾರ ಆಯ್ತು. ಎಂಟನೇ ದಿನ ಎತ್ತಿ ನೋಡಿದರೆ ಹೊಟ್ಟೆಯ ಹುರುಪೆಗಳು ಕಂದಿ ಗುಳ್ಳೆ ಎದ್ದಿತ್ತು. ತುಟಿಯ ಮೇಲಿನ ಗುಳಿಗಳಿಂದ ಕಗ್ಗತ್ತಲಲ್ಲೂ ಇಲಿಯ ಮೈಶಾಖ ಪತ್ತೆಹಚ್ಚುವ ಪ್ರಾಣಿ, ತನ್ನ ಹೊಟ್ಟೆ ಕೆಳಗಿನ ಬಿಸಿಗೆ ಎದ್ದು ಹೋಗಲಿಲ್ಲ. ಹೋಗೋಕೆ ಜಾಗವನ್ನಾದರೂ ನಾನು ಎಲ್ಲಿ ಬಿಟ್ಟಿದ್ದೆ? ಡಾಕ್ಟರು ಬೈಯಲಿಲ್ಲ. "ಮ್ಯಾಟ್ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಾಸಬೇಡಿ" ಅಂತಷ್ಟೇ ಹೇಳಿ ಮುಲಾಮು ಬರೆದುಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಥರ್ಮೋಸ್ಟಾಟ್ ಅಂದ್ರೆ ಏನು ಹೇಳಿ? ಬಿಸಿ ಇಷ್ಟಕ್ಕಿಂತ ಕಮ್ಮಿಯಾದರೆ ಆನ್, ಜಾಸ್ತಿಯಾದರೆ ಆಫ್. ನಿನ್ನೆ ಸೇರಿದ ಫ್ರೆಷರ್ ಕೂಡ ಬರೆಯೋ ಒಂದು ಇಫ್ ಕಂಡೀಷನ್. ಅದನ್ನು ಹಾಕದೆ ಪ್ರೊಡಕ್ಷನ್‌ಗೆ ಬಿಟ್ಟಿದ್ದೆ. ಕೆಟ್ಟ ಉದ್ದೇಶ ಇರಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳೋಕೆ ನೋಡಿದೆ. ಆದರೆ ಸ್ವಿಚ್ಚು ಒಬ್ಬರ ಕೈಲಿ, ಮೈ ಇನ್ನೊಬ್ಬರದು ಆದಾಗ ಉದ್ದೇಶ ಯಾವ ಲೆಕ್ಕಕ್ಕೆ ಬರುತ್ತೆ? ಆ ವಾರವೆಲ್ಲ ನಾನು ಅದನ್ನು ಪ್ರೀತಿಯಿಂದಲೇ ನೋಡಿಕೊಂಡೆ ಅಂತ ನನಗೆ ನಂಬಿಕೆ ಇತ್ತು.

ಈಗಿನ ಏರ್ಪಾಡು ಹೀಗಿದೆ: ಒಂದು ತುದಿಯಲ್ಲಿ ಮಾತ್ರ ಶಾಖ, ಅಲ್ಲಿ 31-32 ಡಿಗ್ರಿ. ಇನ್ನೊಂದು ತುದಿ 25ರ ಆಸುಪಾಸು. ಎರಡೂ ಕಡೆ ಅಡಗಿಕೊಳ್ಳೋಕೆ ಒಂದೊಂದು ಗೂಡು, ಇಲ್ಲದಿದ್ದರೆ ಭಯಕ್ಕೆ ಒಂದೇ ಕಡೆ ಕೂತುಬಿಡುತ್ತೆ. ಥರ್ಮೋಸ್ಟಾಟಿನ ಪ್ರೋಬು ಜಾರಿ ಹೊರಗೆ ಬಿದ್ದರೆ ಪೆಟ್ಟಿಗೆ ತಣ್ಣಗಿದೆ ಅಂತ ತಿಳಿದು ಅದು ಕಾಯಿಸುತ್ತಲೇ ಹೋಗುತ್ತೆ, ಹಾಗಾಗಿ ಟೇಪು ಹಾಕಿ ದಿನಾ ನೋಡ್ತೀನಿ. ಯಾವ ಹೀಟರ್ ಒಳ್ಳೇದು ಅಂತ ತಲೆ ಕೆಡಿಸಿಕೊಂಡವನಿಗೆ ತಣ್ಣನೆ ತುದಿಯೂ ಅಷ್ಟೇ ಮುಖ್ಯ ಅಂತ ಹೊಳೆಯೋಕೆ ಒಂದು ಹೊಟ್ಟೆ ಸುಡಬೇಕಾಯ್ತು. ನಮ್ಮ ಆಫೀಸಿನಲ್ಲಿ ಎಸಿ 23 ಇರಬೇಕೋ 25 ಇರಬೇಕೋ ಅಂತ ದಿನಾ ಜಗಳ. ಜಗಳದಲ್ಲಿ ಸೋತವರು ಎದ್ದು ಕ್ಯಾಂಟೀನಿಗಾದರೂ ಹೋಗಬಹುದು.

ಸಂಕ್ರಾಂತಿ ಕಳೆದ ಮೇಲೆ ಅವ್ವ ಊರಿಂದ ಬಂದಳು. ಪೆಟ್ಟಿಗೆ ನೋಡಿ ಮೊದಲು ಕೈ ಮುಗಿದಳು, ಆಮೇಲೆ "ಏನ್ ಮಗಾ, ದೇವ್ರನ್ನ ತಂದು ಅಕ್ವೇರಿಯಮ್ಮಿಗೆ ಹಾಕಿದೀಯಲ್ಲ" ಅಂದಳು. ಇದು ನಮ್ಮ ನಾಗಪ್ಪ ಅಲ್ಲವ್ವ, ಆಫ್ರಿಕಾದ್ದು, ಅಲ್ಲಿ ಇಲಿಬಿಲ, ಗೆದ್ದಲು ಹುತ್ತದಲ್ಲಿ ಇರುತ್ತೆ ಅಂದೆ. "ಅಲ್ಲೂ ಹುತ್ತವೇ ತಾನೆ, ಇನ್ನೇನು" ಅಂದಳು. ಅದಕ್ಕೆ ಉತ್ತರ ಇರಲಿಲ್ಲ. ಗಾಯ ತೋರಿಸಿದೆ. ಪೊರೆ ಬಿಟ್ಟಿತ್ತು, ಕಲೆ ಉಳಿದಿತ್ತು. ತುಂಬಾ ಹೊತ್ತು ನೋಡಿ, "ಹುತ್ತದಾಗೆ ಬಿಸಿ ಆದ್ರೆ ಕೆಳಕ್ಕೆ ಇಳೀತದೆ, ಚಳಿ ಆದ್ರೆ ಬಿಸಿಲಿಗೆ ಬತ್ತದೆ. ಇದು ನಿನ್ನ ಕೇಳ್ಬೇಕು" ಅಂದಳು. ನಮ್ಮ ಬದುವಿನ ಮೇಲೆ ಎಳೆಬಿಸಿಲಿಗೆ ಮೈ ಚಾಚಿ ಮಲಗೋ ಕೇರೆಹಾವು ನೆನಪಾಯ್ತು. ಯಾರೂ ಅದಕ್ಕೆ ಏನೂ ಏರ್ಪಾಡು ಮಾಡಿರಲಿಲ್ಲ.

ಅವ್ವನಿಗೂ ನಾನು ಏರ್ಪಾಡು ಮಾಡಿದ್ದೆ. ರೂಮ್ ಹೀಟರ್, ಗೀಸರ್, ದಪ್ಪನೆ ಹಾಸಿಗೆ. ಎರಡನೇ ಮಹಡಿಯ ನಮ್ಮ ಮನೆಗೆ ಪಕ್ಕದ ಅಪಾರ್ಟ್‌ಮೆಂಟು ಅಡ್ಡ ಬಂದು ಬಿಸಿಲು ಬೀಳೋದಿಲ್ಲ. ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಎದ್ದು ನೋಡಿದರೆ ಹೀಟರ್ ಆಫ್ ಆಗಿದೆ, ಅವ್ವ ಕಾಣಿಸ್ತಿಲ್ಲ. ಟೆರೇಸಿನ ಬಾಗಿಲಿಗೆ ಬೀಗ, ಅದರ ಕೆಳಗಿನ ಮೆಟ್ಟಿಲ ಮೇಲೆ, ಗ್ರಿಲ್ಲಿನಿಂದ ಒಂದಡಿ ಬಿಸಿಲು ಬೀಳೋ ಕಡೆ ಕಾಲು ಚಾಚಿ ಕೂತಿದ್ದಳು. "ಹೀಟರ್ ಸರಿ ಇಲ್ವಾ?" ಅಂದೆ. "ಚೆನ್ನಾಗದೆ ಕಣಪ್ಪ" ಅಂದಳು, ಎದ್ದೇಳಲಿಲ್ಲ.

ಟೆರೇಸ್ ಕೀ ಓನರ್ ಹತ್ತಿರ ಇದೆ. ಬಾಡಿಗೆಯವರಿಗೆ ಕೊಡಲ್ಲ ಅಂತ ಮೊದಲೇ ಹೇಳಿದ್ದರು. ಇವತ್ತು ಸಂಜೆ ಹೋಗಿ ಮತ್ತೆ ಕೇಳ್ತೀನಿ.