ವೈರಿಗೆ ಬಡಿಸಿದ ಅನ್ನ



ಪವಿತ್ರ ಬೈಬಲ್ಲಿನ ಅರಸುಗಳು ಎರಡನೇ ಗ್ರಂಥದ 6ನೇ ಅಧ್ಯಾಯದಲ್ಲಿ ಒಂದು ಔತಣದ ಪ್ರಸಂಗವಿದೆ. ಸಿರಿಯಾದ ಅರಸನಿಗೂ ಇಸ್ರಯೇಲಿಗೂ ಯುದ್ಧ. ಅವನ ದಂಡು ಇಸ್ರಯೇಲಿನ ಮೇಲೆ ಬಿದ್ದು ಕೊಳ್ಳೆ ಹೊಡೆಯುತ್ತಿತ್ತು. ಪ್ರವಾದಿ ಎಲೀಷನನ್ನು ಹಿಡಿಯಲು ಬಂದ ಸೈನಿಕರು ಕಣ್ಣು ಕಾಣದವರಾಗಿ, ಪ್ರವಾದಿಯ ಹಿಂದೆಯೇ ನಡೆದು ಸಮಾರಿಯ ಪಟ್ಟಣದ ನಡುವೆ ಬಂದು ನಿಂತರು. ಇಸ್ರಯೇಲಿನ ಅರಸನಿಗೆ ಇದಕ್ಕಿಂತ ಒಳ್ಳೆಯ ಸಮಯ ಬೇಕೆ? ಹೊಡೆಯಲೇ, ಹೊಡೆಯಲೇ ಎಂದು ಎರಡು ಸಲ ಕೇಳಿದ. ಎಲೀಷನು ಬೇಡವೆಂದ, ಅನ್ನ ನೀರು ಕೊಟ್ಟು ಅವರ ಒಡೆಯನ ಬಳಿಗೆ ಕಳುಹಿಸೆಂದ. ಅರಸನು ದೊಡ್ಡ ಔತಣವನ್ನೇ ಮಾಡಿಸಿದ. ಉಂಡು ಹೋದ ಆ ಗುಂಪುಗಳು ಮತ್ತೆ ಕೊಳ್ಳೆಗೆ ಬರಲಿಲ್ಲ.

ಇದನ್ನು ಓದುವಾಗ ನೀವು ಮನಸ್ಸಿನೊಳಗೇ ಕೇಳಬಹುದು: "ಬೈಬಲ್ಲಿನ ಪ್ರಸಂಗ ಚೆನ್ನಾಗಿದೆ ಫಾದರ್. ಆದರೆ ಸಂತೆಯಲ್ಲಿ ಬಾಂಬು ಇಟ್ಟವನಿಗೂ ಊಟ ಬಡಿಸಬೇಕೆ? ಸತ್ತದ್ದು ನಮ್ಮ ಮನೆಯ ಮಗುವಾಗಿದ್ದರೆ?" ಈ ಪ್ರಶ್ನೆ ನ್ಯಾಯವಾದದ್ದೇ. ಸತ್ತವರ ಮನೆಯ ಕಣ್ಣೀರನ್ನು ಬದಿಗೊತ್ತಿ ಶಾಂತಿಯ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ಧರ್ಮಸಭೆಯೂ ಹಾಗೆ ಮಾಡುವುದಿಲ್ಲ. ನಿರಪರಾಧಿಗಳನ್ನು ಕಾಪಾಡುವುದು ಸರ್ಕಾರದ ಕರ್ತವ್ಯ. ಅದಕ್ಕಾಗಿ ಬಲ ಪ್ರಯೋಗಿಸಬೇಕಾಗಿ ಬರಬಹುದು ಎಂಬುದನ್ನು ನಮ್ಮ ಧರ್ಮೋಪದೇಶ ಒಪ್ಪುತ್ತದೆ. ಆದರೆ ಷರತ್ತುಗಳು ಕಠಿಣವಾಗಿವೆ. ಬೇರೆ ದಾರಿಗಳೆಲ್ಲ ಮುಗಿದಿರಬೇಕು. ಯುದ್ಧದಿಂದ ಆಗುವ ಕೇಡು, ತೊಲಗಿಸಬೇಕೆಂದಿರುವ ಕೇಡಿಗಿಂತ ದೊಡ್ಡದಾಗಬಾರದು. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಸುಮಾರು 3,000 ಮಂದಿ ಪ್ರಾಣ ಕಳೆದುಕೊಂಡರು. ಅದಾದ ಮೇಲೆ, 2002ರ ವಿಶ್ವ ಶಾಂತಿ ದಿನದ ಸಂದೇಶದಲ್ಲಿ ವಿಶ್ವಗುರು ಎರಡನೇ ಜಾನ್ ಪೌಲರು ಎರಡು ಮಾತನ್ನು ಒಟ್ಟಿಗೆ ಹೇಳಿದರು. ಭಯೋತ್ಪಾದನೆಯಿಂದ ರಕ್ಷಿಸಿಕೊಳ್ಳುವ ಹಕ್ಕು ಉಂಟು. ಆದರೆ ಅಪರಾಧದ ಹೊಣೆ ಮಾಡಿದವನದೇ. ಅದನ್ನು ಅವನ ದೇಶದ, ಜನಾಂಗದ, ಧರ್ಮದ ಮೇಲೆ ಹೊರಿಸುವಂತಿಲ್ಲ. ನ್ಯಾಯವಿಲ್ಲದೆ ಶಾಂತಿಯಿಲ್ಲ, ಕ್ಷಮೆಯಿಲ್ಲದೆ ನ್ಯಾಯವೂ ಪೂರ್ಣವಲ್ಲ ಎಂಬುದೇ ಆ ಸಂದೇಶದ ಸಾರ.

ಲೋಕ ನಡೆದ ದಾರಿ ಬೇರೆ. 2001ರ ಅಕ್ಟೋಬರ್ 7ರಂದು ಆಫ್ಘಾನಿಸ್ತಾನದಲ್ಲಿ ಆರಂಭವಾದ ಯುದ್ಧ ಸುಮಾರು 20 ವರ್ಷ ನಡೆಯಿತು. ಕೊನೆಗೆ 2020ರ ಫೆಬ್ರವರಿಯಲ್ಲಿ ಅಮೆರಿಕವು ದೋಹಾದಲ್ಲಿ ಅದೇ ತಾಲಿಬಾನ್‌ನೊಡನೆ ಕುಳಿತು ಒಪ್ಪಂದಕ್ಕೆ ಸಹಿ ಹಾಕಿತು. 2021ರ ಆಗಸ್ಟ್‌ನಲ್ಲಿ ಕಾಬೂಲ್ ಮತ್ತೆ ತಾಲಿಬಾನ್ ಕೈ ಸೇರಿತು. ನಡುವಿನ ವರ್ಷಗಳಲ್ಲಿ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು ನಿಜ. ಆದರೆ ಬಂದೂಕಿನ ಆಸರೆಯಲ್ಲಿ ನಿಂತದ್ದು ಬಂದೂಕು ಹಿಂದೆ ಸರಿದೊಡನೆ ಕುಸಿಯಿತು.

ಮಾತು ಮತ್ತು ಅನ್ನದ ದಾರಿ ಹಿಡಿದ ದೇಶವೂ ಒಂದಿದೆ. ಅದು ಆಫ್ರಿಕದ ಪೂರ್ವ ಕರಾವಳಿಯ ಮೊಜಾಂಬಿಕ್. ಸಂತ ಫ್ರಾನ್ಸಿಸ್ ಕ್ಸೇವಿಯರರು 1542ರಲ್ಲಿ ಗೋವಾ ತಲುಪುವ ಮುನ್ನ ಕೆಲವು ತಿಂಗಳು ತಂಗಿ ರೋಗಿಗಳ ಸೇವೆ ಮಾಡಿದ ನಾಡು. 1975ರಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಹೊಂದಿದ ಮೇಲೆ ಅಲ್ಲಿ ಫ್ರೆಲಿಮೊ ಪಕ್ಷದ ಸರ್ಕಾರ ಬಂತು. ಅದರ ವಿರುದ್ಧ ರೆನಾಮೊ ಎಂಬ ಸಶಸ್ತ್ರ ಗುಂಪು ಎದ್ದಿತು. ನೆರೆಯ ಬಿಳಿಯರ ಸರ್ಕಾರಗಳು ಅದರ ಬೆನ್ನಿಗಿದ್ದವು. ರೆನಾಮೊದವರು ಶಾಲೆ ಆಸ್ಪತ್ರೆಗಳನ್ನು ನಾಶ ಮಾಡಿದರು. ಮಕ್ಕಳನ್ನು ಎತ್ತಿಕೊಂಡು ಹೋಗಿ ಅವರ ಕೈಗೆ ಬಂದೂಕು ಕೊಟ್ಟರು. 1987ರ ಜುಲೈನಲ್ಲಿ ಹೊಮೊಯಿನ್ ಪಟ್ಟಣದಲ್ಲಿ 400ಕ್ಕೂ ಹೆಚ್ಚು ಜನರ ಹತ್ಯೆಯಾಯಿತು. ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲ. ಸರ್ಕಾರ ಅವರನ್ನು ಸಶಸ್ತ್ರ ದರೋಡೆಕೋರರೆಂದೇ ಕರೆಯಿತು. ದರೋಡೆಕೋರರೊಡನೆ ಎಂಥ ಮಾತು? ಸುಮಾರು 16 ವರ್ಷಗಳ ಯುದ್ಧ ಮತ್ತು ಹಸಿವಿಗೆ 10 ಲಕ್ಷದಷ್ಟು ಜನ ಬಲಿಯಾದರು.

ಈ ಕತ್ತಲಲ್ಲಿ ಬೇರಾದ ಮಹಾಧರ್ಮಾಧ್ಯಕ್ಷ ಜೈಮ್ ಗೊನ್ಸಾಲ್ವಿಸ್ ಅವರು 1988ರಲ್ಲಿ ಕಾಡಿಗೆ ಹೋಗಿ ರೆನಾಮೊ ನಾಯಕ ಅಫೊನ್ಸೊ ಧ್ಲಾಕಾಮ ಅವರನ್ನು ಕಂಡರು. ಇಬ್ಬರ ತಾಯ್ನುಡಿಯೂ ಒಂದೇ ಆಗಿತ್ತು. ಮುಖಾಮುಖಿ ಕುಳಿತು ಮಾತಾಡಿದರೆ ಎದುರಿನವನ ಪಾಪ ಕಡಿಮೆಯಾಗುವುದಿಲ್ಲ; ಆದರೆ ರಾಕ್ಷಸನೆಂದುಕೊಂಡವನು ಮನುಷ್ಯನಾಗಿ ಕಾಣುತ್ತಾನೆ. ಮನುಷ್ಯನಾದರೆ ಅವನೊಡನೆ ಮಾತು ಸಾಧ್ಯ.

ರೋಮಿನಲ್ಲಿ 1968ರಲ್ಲಿ ವಿದ್ಯಾರ್ಥಿಗಳಿಂದ ಆರಂಭವಾದ ಸಾಂತ್ ಎಜಿದಿಯೊ ಎಂಬ ಕಥೋಲಿಕ ಶ್ರೀಸಾಮಾನ್ಯರ ಸಮುದಾಯವಿದೆ. ಬಡವರ ಸೇವೆ, ಪ್ರಾರ್ಥನೆ ಅವರ ಕೆಲಸ. 1980ರ ದಶಕದಲ್ಲಿ ಅವರು ಮೊಜಾಂಬಿಕ್‌ಗೆ ಹಡಗಿನಲ್ಲಿ ಆಹಾರ, ಔಷಧ ಕಳುಹಿಸಿದರು. ಮೊದಲು ಅನ್ನ ಕೊಟ್ಟವರ ಮಾತಿಗೆ ತೂಕವಿತ್ತು. 1990ರ ಜುಲೈನಲ್ಲಿ ಎರಡು ಕಡೆಯವರೂ ರೋಮಿನ ಅವರ ಮನೆಗೆ ಬಂದು ಕುಳಿತರು. ಸಮುದಾಯದ ಸ್ಥಾಪಕ ಆಂದ್ರೆಯಾ ರಿಕಾರ್ದಿ, ಮುಂದೆ ಕಾರ್ಡಿನಲ್ ಆದ ಫಾದರ್ ಮತ್ತೆಯೊ ಜುಪ್ಪಿ, ಮಹಾಧರ್ಮಾಧ್ಯಕ್ಷ ಗೊನ್ಸಾಲ್ವಿಸ್, ಇಟಲಿ ಸರ್ಕಾರದ ಪ್ರತಿನಿಧಿ ಮಾರಿಯೊ ರಫಾಯೆಲ್ಲಿ ನಡುವೆ ನಿಂತರು. ಸಿಟ್ಟು, ಮೌನ, ಎದ್ದು ಹೋಗುವ ಬೆದರಿಕೆ ಎಲ್ಲವನ್ನೂ ಸಹಿಸಿ 27 ತಿಂಗಳು ಮಾತುಕತೆ ನಡೆಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. 1992ರಲ್ಲಿ ಆಫ್ರಿಕದ ದಕ್ಷಿಣ ಭಾಗಕ್ಕೆ ಭೀಕರ ಬರ ಬಂತು. ಕದನ ವಿರಾಮಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಆದರೂ ಜುಲೈನಲ್ಲಿ, ಹಸಿದವರು ಯಾರ ಹಿಡಿತದ ಊರಿನಲ್ಲಿದ್ದರೂ ಆಹಾರದ ಲಾರಿಗಳಿಗೆ ದಾರಿ ಬಿಡುವುದಾಗಿ ಎರಡು ಕಡೆಯವರೂ ಒಪ್ಪಿದರು. ಶಾಂತಿಗಿಂತ ಮುಂಚೆ ಅನ್ನ ಬಂತು. ಅದೇ ವರ್ಷ ಅಕ್ಟೋಬರ್ 4ರಂದು, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ಶಾಂತಿ ಒಪ್ಪಂದವಾಯಿತು. ಮುಂದಿನ ಎರಡು ವರ್ಷಗಳಲ್ಲಿ ವಿಶ್ವಸಂಸ್ಥೆಯ ಕಾವಲಿನಲ್ಲಿ ಸಾವಿರಾರು ಹೋರಾಟಗಾರರು ಆಯುಧ ಕೆಳಗಿಟ್ಟರು. ಹೊಸ ಬದುಕು ಕಟ್ಟಿಕೊಳ್ಳಲು ಎರಡು ವರ್ಷದ ಸಹಾಯಧನ ಕೊಡಲಾಯಿತು. ನೆರೆದೇಶಗಳಿಗೆ ಓಡಿಹೋಗಿದ್ದ ಸುಮಾರು 17 ಲಕ್ಷ ನಿರಾಶ್ರಿತರು ಮನೆಗೆ ಮರಳಿದರು. 1994ರ ಅಕ್ಟೋಬರ್‌ನಲ್ಲಿ ಚುನಾವಣೆ ನಡೆಯಿತು. ಕಾಡಿನಲ್ಲಿದ್ದವರು ಶಾಸನಸಭೆಯಲ್ಲಿ ಕುಳಿತರು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಎರಡು ಕಡೆಯ ಕೊಲೆಗಾರರಿಗೂ ಕ್ಷಮಾದಾನ ಸಿಕ್ಕಿತು. ಮಗನನ್ನು ಕೊಂದವನು ಅದೇ ದಾರಿಯಲ್ಲಿ ನಡೆದುಹೋಗುವುದನ್ನು ನೋಡುವ ತಾಯಿಗೆ ಅದು ಎಂಥ ಶಿಲುಬೆ! ಶಾಂತಿಯೂ ಒಮ್ಮೆಗೇ ಗಟ್ಟಿಯಾಗಲಿಲ್ಲ. 2013ರಲ್ಲಿ ರೆನಾಮೊ ಮತ್ತೆ ಆಯುಧ ಹಿಡಿಯಿತು; ಮತ್ತೆ ಮಾತುಕತೆ ನಡೆದು 2019ರಲ್ಲಿ ಹೊಸ ಒಪ್ಪಂದವಾಯಿತು. ದೇಶದ ಉತ್ತರದ ಕಾಬೊ ಡೆಲ್ಗಾಡೊದಲ್ಲಿ 2017ರಿಂದ ಬೇರೊಂದು ಉಗ್ರಗಾಮಿ ಗುಂಪು ಊರುಗಳನ್ನು ಸುಡತೊಡಗಿತು. ಲಕ್ಷಾಂತರ ಜನ ಮನೆ ಬಿಟ್ಟರು. ಅಲ್ಲಿ ಊರು ಕಾಯಲು ಸೈನಿಕರು ಬೇಕಾದರು. ಸೈನಿಕ ಊರನ್ನು ಕಾಯಬಲ್ಲ. ಆದರೆ ಕೆಲಸವಿಲ್ಲದ, ಭೂಮಿಯಿಲ್ಲದ ಹುಡುಗನು ಉಗ್ರರ ಕಡೆ ಹೋಗದಂತೆ ತಡೆಯುವುದು ಶಾಲೆ, ಕೆಲಸ ಮತ್ತು ನ್ಯಾಯ.

ಎಲೀಷನ ಪ್ರಸಂಗವೂ ಔತಣಕ್ಕೇ ಮುಗಿಯುವುದಿಲ್ಲ. ಮುಂದಿನ ವಚನದಲ್ಲೇ ಸಿರಿಯಾದ ಅರಸನು ಮತ್ತೆ ಸೈನ್ಯ ಕಟ್ಟಿ ಸಮಾರಿಯವನ್ನು ಮುತ್ತುತ್ತಾನೆ. ಬೈಬಲ್ ನಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ. ಹಾಗೆಂದು ಔತಣ ವ್ಯರ್ಥವಾಯಿತೆ? ಆ ನಡುವೆ ಎಷ್ಟು ಊರುಗಳು ಉಳಿದವು, ಎಷ್ಟು ಮಕ್ಕಳು ಬೆಳೆದರು! ಶಾಂತಿ ದಿನನಿತ್ಯದ ಅನ್ನದ ಹಾಗೆ. ಇಂದು ಬೇಯಿಸಿದ್ದು ನಾಳೆಗೆ ಸಾಲದು, ನಾಳೆ ಮತ್ತೆ ಒಲೆ ಹೊತ್ತಿಸಬೇಕು.

ಪ್ರಿಯ ತಂದೆತಾಯಂದಿರೇ, ಯುದ್ಧ ಬೇಕೇ ಬೇಡವೇ ಎಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ ಎನ್ನಬೇಡಿ. ಟಿವಿಯಲ್ಲಿ ಸ್ಫೋಟದ ಸುದ್ದಿ ಬಂದ ರಾತ್ರಿ ನಿಮ್ಮ ಊಟದ ಮನೆಯಲ್ಲಿ ಏನು ಮಾತು ನಡೆಯುತ್ತದೆ? "ಅವರನ್ನೆಲ್ಲ ಮುಗಿಸಿಬಿಡಬೇಕು" ಎಂದು ನೀವು ಅಂದಾಗ ಮಗು ತಟ್ಟೆಯ ಮುಂದೆ ಕುಳಿತು ಕೇಳುತ್ತಿರುತ್ತದೆ. "ಅವರು" ಎಂದರೆ ತನ್ನ ತರಗತಿಯ ಪಕ್ಕದ ಬೆಂಚಿನ ಗೆಳೆಯನೋ ಎಂದು ಅದು ಯೋಚಿಸುತ್ತದೆ. ಆ ರಾತ್ರಿ ಮೊದಲು ಸತ್ತವರಿಗಾಗಿ ಜಪಸರ ಹೇಳಿ. ತಪ್ಪಿತಸ್ಥರು ನ್ಯಾಯದ ಕೈಗೆ ಸಿಗಲಿ ಎಂದು ಬೇಡಿ. ಆಮೇಲೆ, ನಾಲಿಗೆ ತಡವರಿಸಿದರೂ, ಅವರ ಮನಪರಿವರ್ತನೆಗಾಗಿಯೂ ಒಂದು ಪ್ರಾರ್ಥನೆ ಸೇರಿಸಿ. ತಪಸ್ಸುಕಾಲದಲ್ಲಿ ಹಸಿದವರಿಗಾಗಿ ಕಾಣಿಕೆ ಎತ್ತಿಡುವಾಗ, ಅದು ಯಾವ ಜಾತಿ ಮತದವರ ತಟ್ಟೆಗೆ ಹೋಗುತ್ತದೆಂದು ಕೇಳಬೇಡಿ.

ವೈರಿ ಹಸಿದಿದ್ದರೆ ಉಣಬಡಿಸಲು ಸಂತ ಪೌಲರು ರೋಮಿನ ಸಭೆಗೆ ಬರೆದರು. ತನ್ನನ್ನು ಹಿಡಿದುಕೊಡುವವನೂ ಕುಳಿತಿದ್ದ ಪಂಕ್ತಿಯಲ್ಲೇ ಪ್ರಭು ಯೇಸು ರೊಟ್ಟಿಯನ್ನು ಮುರಿದರು. ಪ್ರತಿ ಭಾನುವಾರ ನಾವು ಸ್ವೀಕರಿಸುವುದು ಆ ರೊಟ್ಟಿಯನ್ನೇ. ಶಾಂತಿಯ ಪ್ರಭು ನಮ್ಮ ಮನೆಗಳನ್ನು ಆಶೀರ್ವದಿಸಲಿ.