ಅಪ್ಪನ ದಿನ ಯಾವುದು?

ತಿಥಿ ಎಂದರೆ ಪಾಡ್ಯ, ಬಿದಿಗೆ, ತದಿಗೆ ಎಂದು ಎಣಿಸುವ ಚಾಂದ್ರದಿನ. ಆದರೆ ‘ಇವತ್ತು ನಮ್ಮನೇಲಿ ತಿಥಿ’ ಎಂದು ಯಾರಾದರೂ ಹೇಳಿದರೆ, ಯಾವ ತಿಥಿ ಎಂದು ನಾವು ಕೇಳುವುದಿಲ್ಲ. ಯಾರದ್ದು ಎಂದು ಕೇಳುತ್ತೇವೆ. ಕನ್ನಡದಲ್ಲಿ ಸಾವು ಈ ಪದವನ್ನು ಹೆಚ್ಚುಕಡಿಮೆ ತನ್ನದೇ ಮಾಡಿಕೊಂಡಿದೆ.

ಅಪ್ಪ ತೀರಿಕೊಂಡದ್ದು ಡಿಸೆಂಬರ್ 18ರಂದು. ಅಮ್ಮನ ಲೆಕ್ಕದಲ್ಲಿ ಮಾರ್ಗಶಿರ ಬಹುಳ ಪಂಚಮಿ. ಮರುವರ್ಷ ಪಂಚಮಿ ಹನ್ನೊಂದು ದಿನ ಮೊದಲೇ ಬಂತು. ಪಿಂಡ ಇಟ್ಟೆ, ವಡೆ ಪಾಯಸ ಉಂಡೆ, ಏನೂ ಅನ್ನಿಸಲಿಲ್ಲ. ಹದಿನೆಂಟರ ಬೆಳಿಗ್ಗೆ ಫೋನಿನಲ್ಲಿ ತಾರೀಖು ಕಂಡಾಗ ಗಂಟಲು ಕಟ್ಟಿತು. ಹಾಗಾದರೆ ಅಪ್ಪನ ದಿನ ಯಾವುದು?

ಅಮೆರಿಕದಲ್ಲಿರುವ ತಮ್ಮ ಇನ್ನೊಂದು ಹೆಜ್ಜೆ ಮುಂದೆ ಹೋದ. ‘ಭಾನುವಾರ ಮಾಡಿದರೆ ಅಪ್ಪ ಬೇಡ ಅಂತಿದ್ರಾ?’ ಅಮ್ಮ ಅಂದಳು: ‘ಅವರೇನು ನಿಮ್ಮ ರಜ ನೋಡ್ಕೊಂಡು ಹೋದ್ರಾ?’

ಚಂದ್ರ ಸೂರ್ಯನಿಂದ 12 ಡಿಗ್ರಿ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲವಾದ್ದರಿಂದ ಅದು ಸುಮಾರು 19 ಗಂಟೆಗೂ ಮುಗಿದೀತು, 26 ಗಂಟೆಯವರೆಗೂ ಎಳೆದೀತು. ನಡುರಾತ್ರಿಯಲ್ಲೂ ಶುರುವಾಗಬಹುದು. ಒಮ್ಮೊಮ್ಮೆ ಒಂದು ಸೂರ್ಯೋದಯದ ನಂತರ ಹುಟ್ಟಿ ಮುಂದಿನದಕ್ಕೆ ಮೊದಲೇ ಮುಗಿದುಬಿಡುತ್ತದೆ. ಅದು ಕ್ಷಯತಿಥಿ, ಯಾವ ಬೆಳಗಿಗೂ ಅದರ ಹೆಸರಿಲ್ಲ. ಶ್ರಾದ್ಧಕ್ಕೆ ಮುಖ್ಯವಾದದ್ದು ಬೆಳಗಲ್ಲ, ಅಪರಾಹ್ನ. ಹಾಗಾಗಿ ಕ್ಯಾಲೆಂಡರಿನಲ್ಲಿ ಚೌತಿ ಎಂದಿರುವ ದಿನವೇ ಪಂಚಮಿಯ ಶ್ರಾದ್ಧ ಬೀಳಬಹುದು. ತಮ್ಮನ ಊರಿನ ಅಪರಾಹ್ನವೇ ಬೇರೆ. ಅವನ ತಾರೀಖು ನಮ್ಮದಕ್ಕೆ ಹೊಂದಲೇಬೇಕೆಂದಿಲ್ಲ.

ಇದನ್ನೆಲ್ಲ ಹೇಳಿ, ತಿಥಿಯೇ ನಿಜ, ತಾರೀಖು ಬರೀ ಲೆಕ್ಕ ಎಂದು ಬೀಗುವವರಿದ್ದಾರೆ. ನಾನು ಒಪ್ಪಲಾರೆ. ಭೂಮಿ ಸೂರ್ಯನನ್ನು ಸುತ್ತಿ ಮತ್ತೆ ಅಲ್ಲಿಗೇ ಬರುವುದೂ ಆಕಾಶದ್ದೇ ಸಂಗತಿ. ವ್ಯತ್ಯಾಸ ನನ್ನೊಳಗಿದೆ. ತಾರೀಖು ತಾನಾಗಿ ಬಂದು ನನ್ನನ್ನು ಹಿಡಿಯುತ್ತದೆ. ಆ ದಿನದ ದುಃಖ ನನ್ನದು, ನನ್ನ ಬಗ್ಗೆಯೇ. ತಿಥಿಯನ್ನು ನಾನು ಹುಡುಕಿಕೊಂಡು ಹೋಗಬೇಕು: ಪಂಚಾಂಗ ನೋಡಬೇಕು, ಪುರೋಹಿತರಿಗೆ ಫೋನು ಮಾಡಬೇಕು, ಅತ್ತೆಗೆ ಹೇಳಬೇಕು, ಅಳು ಬಾರದಿದ್ದರೂ ಎಳ್ಳುನೀರು ಬಿಡಬೇಕು. ಅನ್ನಿಸದೆ ಮಾಡಿದ್ದು ಬೂಟಾಟಿಕೆ ಎಂದು ಕಾಲೇಜು ದಿನಗಳಲ್ಲಿ ವಾದಿಸುತ್ತಿದ್ದೆ. ಅನ್ನಿಸಿದಾಗ ಮಾತ್ರ ನೆನೆಯುವುದಾದರೆ ಅಪ್ಪ ನನ್ನ ಮನಸ್ಸಿನ ಹವಾಮಾನಕ್ಕೆ ಬಿಟ್ಟವರಾಗುತ್ತಾರಲ್ಲ ಎಂಬ ಅಳುಕು ಈಗ.

ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದೆ. ಅಜ್ಜಿಯ ತಂಗಿಯೊಬ್ಬಳು ಯಾವಾಗ ಹೋದಳೆಂದು ಮನೆಯಲ್ಲಿ ಯಾರೂ ಬರೆದಿಟ್ಟಿಲ್ಲ. ಆ ದಿನ ಅವಳ ಹೆಸರನ್ನೂ ಸೇರಿಸು ಎಂದು ಅಮ್ಮ ಪ್ರತಿವರ್ಷ ನೆನಪಿಸುತ್ತಾಳೆ.

ಈ ಸಲ ಪಂಚಮಿ ಬುಧವಾರ ಬಂದಿದೆ. ರಜ ಹಾಕಿದ್ದೇನೆ. ಹದಿನೆಂಟಕ್ಕೆ ಹಾಕಿಲ್ಲ, ಅವತ್ತು ಆಫೀಸಿನಲ್ಲೇ ಇರುತ್ತೇನೆ.