ಜೇಬಿನಲ್ಲಿದ್ದ ಐದು ಭಾವಚಿತ್ರಗಳು

ಪ್ರೀತಿಸಬಲ್ಲ ಮನುಷ್ಯನು ಕೊಲ್ಲಬಲ್ಲನೇ? ತಾಯಿಯನ್ನು ಪೂಜ್ಯಭಾವದಿಂದ ಕಾಣುವವನು, ಒಡಹುಟ್ಟಿದವರಿಗೆ ಅಕ್ಕರೆಯವನು ಇನ್ನೊಬ್ಬರ ಮನೆಯ ದೀಪವನ್ನು ಆರಿಸಬಲ್ಲನೇ? ‘ಇಲ್ಲ’ ಎಂದು ಹೇಳಲು ನಮ್ಮ ಮನಸ್ಸು ಹಾತೊರೆಯುತ್ತದೆ. ಆದರೆ ಪ್ರಿಯ ಓದುಗರೇ, ಚರಿತ್ರೆಯು ನೀಡುವ ಉತ್ತರ ಬೇರೆ.

1865ರ ಏಪ್ರಿಲ್ 26ರ ಮುಂಜಾವು. ಅಮೆರಿಕದ ವರ್ಜೀನಿಯಾ ರಾಜ್ಯದ ಒಂದು ತೋಟದ ಮನೆಯಲ್ಲಿ, ಸೈನಿಕನೊಬ್ಬನ ಗುಂಡೇಟಿಗೆ ಸಿಕ್ಕ ತರುಣನೊಬ್ಬನು ಪ್ರಾಣಬಿಟ್ಟನು. ಅವನೇ ಅಧ್ಯಕ್ಷ ಅಬ್ರಹಾಂ ಲಿಂಕನ್ನರನ್ನು ಕೊಂದ ಜಾನ್ ವಿಲ್ಕ್ಸ್ ಬೂತ್. ವಯಸ್ಸು 26, ಹೆಸರಾಂತ ನಟ, ನೋಡಿದವರು ಮತ್ತೊಮ್ಮೆ ತಿರುಗಿ ನೋಡುವಂತಹ ಚೆಲುವ. ಅವನ ಜೇಬಿನ ದಿನಚರಿ ಪುಸ್ತಕದಲ್ಲಿ ಐವರು ಸ್ತ್ರೀಯರ ಭಾವಚಿತ್ರಗಳಿದ್ದವು. ನಾಲ್ವರು ರಂಗನಟಿಯರು. ಐದನೆಯವಳು ಲೂಸಿ ಹೇಲ್. ಬೂತ್ ಗುಟ್ಟಾಗಿ ಮದುವೆಯ ಮಾತು ಕೊಟ್ಟಿದ್ದ ತರುಣಿ, ಸೆನೆಟ್ ಸದಸ್ಯರಾಗಿದ್ದ ಜಾನ್ ಪಾರ್ಕರ್ ಹೇಲ್ ಅವರ ಮಗಳು.

ಬೂತನ ಪ್ರಣಯಗಳು ನಿರ್ಮಲವಾಗಿದ್ದವೆಂದು ಹೇಳಲಾಗದು. 1861ರಲ್ಲಿ ಹೆನ್ರಿಯೆಟಾ ಇರ್ವಿಂಗ್ ಎಂಬ ನಟಿಯು ರೋಷದಿಂದ ಅವನ ಮುಖಕ್ಕೆ ಚೂರಿಯಿಂದ ಗಾಯಮಾಡಿ, ತನ್ನನ್ನೂ ಇರಿದುಕೊಂಡಿದ್ದಳು. ಲೂಸಿಗೆ ಮಾತು ಕೊಟ್ಟಿದ್ದ ಕಾಲದಲ್ಲೇ ಅವನಿಗೆ ವಾಷಿಂಗ್ಟನ್ನಿನಲ್ಲಿ ಎಲಾ ಎಂಬ ಇನ್ನೊಬ್ಬಳ ಸಹವಾಸವೂ ಇತ್ತು. ಆದರೂ ಅವನಲ್ಲಿ ಮಮತೆಯೇ ಇರಲಿಲ್ಲ ಎನ್ನುವಂತಿಲ್ಲ. ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಅವನು ಅಂತರ್ಯುದ್ಧದಲ್ಲಿ ಸೈನ್ಯ ಸೇರಲಿಲ್ಲ. ಸಾಯುವ ಗಳಿಗೆಯಲ್ಲಿ ಅವನು ಹೇಳಿಕಳುಹಿಸಿದ ಸಂದೇಶವೂ ತಾಯಿಗೇ. ಅವನ ಅಕ್ಕ ಏಷಿಯಾ ತನ್ನ ನೆನಪುಗಳಲ್ಲಿ ಒಂದು ಪ್ರಸಂಗವನ್ನು ಬರೆದಿದ್ದಾಳೆ. ತನ್ನ ಕೀಟಸಂಗ್ರಹಕ್ಕೆಂದು ಅವಳು ರಾತ್ರಿ ಹಾಡುವ ಮಿಡತೆಯೊಂದನ್ನು ಹಿಡಿಯಹೊರಟಾಗ, ತಮ್ಮನು ತಡೆದು, ಅದು ಸ್ವತಂತ್ರವಾಗಿ ಮರದಲ್ಲಿ ಹಾಡಲಿ ಎಂದು ಬಿಡಿಸಿದನಂತೆ.

ಇಲ್ಲಿಯೇ ನಾವು ಕೊಂಚ ನಿಲ್ಲಬೇಕು. ಮಿಡತೆಯ ಸ್ವಾತಂತ್ರ್ಯಕ್ಕಾಗಿ ಮರುಗಿದ ಆ ಮನಸ್ಸು, ಲಕ್ಷಾಂತರ ಮನುಷ್ಯರನ್ನು ಸರಕಿನಂತೆ ಮಾರುತ್ತಿದ್ದ ಗುಲಾಮಗಿರಿಯನ್ನು ದೇವರ ವರವೆಂದೇ ನಂಬಿತ್ತು! ಆ ದೇಶವು ಬಿಳಿಯರಿಗಾಗಿ ಮಾತ್ರ ಸೃಷ್ಟಿಯಾದದ್ದೆಂದು ಅವನು 1864ರಲ್ಲಿ ಬರೆದಿಟ್ಟನು. ಅವನು ಪ್ರೀತಿಸಿದ ಲೂಸಿಯ ತಂದೆಯಾದರೋ ಗುಲಾಮಗಿರಿಯ ವಿರುದ್ಧ ಸೆನೆಟ್ಟಿನಲ್ಲಿ ಮೊದಮೊದಲು ದನಿಯೆತ್ತಿದವರಲ್ಲಿ ಒಬ್ಬರು. ಮಗಳ ಮೇಲಿನ ಒಲವು ಅವನನ್ನು ಆ ಮನೆಯವರ ಬಳಿಗೆ ಕರೆದೊಯ್ದಿತು. ಆ ತಂದೆಯ ನ್ಯಾಯಪ್ರಜ್ಞೆಯ ಬಳಿಗೆ ಕರೆದೊಯ್ಯಲಿಲ್ಲ. 1865ರ ಏಪ್ರಿಲ್ 11ರಂದು ಲಿಂಕನ್ನರು ಕಪ್ಪು ವರ್ಣೀಯರಲ್ಲಿ ಕೆಲವರಿಗಾದರೂ ಮತದಾನದ ಹಕ್ಕು ದೊರೆಯಬೇಕೆಂದು ನುಡಿದಾಗ, ಗುಂಪಿನಲ್ಲಿ ನಿಂತಿದ್ದ ಬೂತ್ ಕುದಿದುಹೋದನು. ಇದೇ ಈತನ ಕಡೆಯ ಭಾಷಣವಾಗುವುದೆಂದು ಶಪಥ ಮಾಡಿದನು.

ಮೂರು ದಿನಗಳ ಬಳಿಕ, ಏಪ್ರಿಲ್ 14ರಂದು, ಅವನು ಆ ಶಪಥವನ್ನು ತೀರಿಸಿಕೊಂಡನು. ಅಂದು ಶುಭ ಶುಕ್ರವಾರ. ಫೋರ್ಡ್ ರಂಗಮಂದಿರದಲ್ಲಿ ಲಿಂಕನ್ನರು ಪತ್ನಿ ಮೇರಿಯ ಪಕ್ಕದಲ್ಲಿ ಕುಳಿತು ನಾಟಕ ನೋಡುತ್ತಿದ್ದರು. ಅವರೊಡನಿದ್ದವರು ಮೇಜರ್ ಹೆನ್ರಿ ರಾತ್‌ಬೋನ್ ಮತ್ತು ಅವರಿಗೆ ನಿಶ್ಚಯವಾಗಿದ್ದ ಕ್ಲಾರಾ ಹ್ಯಾರಿಸ್. ಬೂತ್ ಹಿಂದಿನಿಂದ ಬಂದು ಅಧ್ಯಕ್ಷರ ತಲೆಗೆ ಗುಂಡಿಟ್ಟನು. ತಡೆಯಬಂದ ರಾತ್‌ಬೋನರನ್ನು ಕಠಾರಿಯಿಂದ ಇರಿದನು. ಸ್ವತಃ ಮದುವೆ ನಿಶ್ಚಯವಾಗಿದ್ದ ವರನೊಬ್ಬನು, ಇನ್ನೊಬ್ಬ ವಧುವಿನ ಕಣ್ಣೆದುರಿನಲ್ಲೇ ಅವಳ ವರನ ರಕ್ತ ಹರಿಸಿದನು. ಒಬ್ಬ ಪತ್ನಿಯನ್ನು ವಿಧವೆಯಾಗಿಸಿದನು.

ಹಾಗಾದರೆ ಅವನ ಪ್ರೀತಿಯೆಲ್ಲ ನಟನೆಯೇ? ಹಾಗೆಂದು ತೀರ್ಮಾನಿಸಿದರೆ ನಮಗೆ ನೆಮ್ಮದಿ. ಅವನು ರಾಕ್ಷಸ, ನಾವು ಮನುಷ್ಯರು. ಅಲ್ಲಿಗೆ ವಿಷಯ ಮುಗಿಯಿತು. ಆದರೆ ಸತ್ಯ ಅಷ್ಟು ಸುಲಭವಲ್ಲ. ಅವನ ಮಮತೆ ನಿಜವೇ ಇದ್ದಿರಬಹುದು. ಆದರೆ ಅದಕ್ಕೆ ಬೇಲಿ ಇತ್ತು. ತನ್ನ ತಾಯಿ, ತನ್ನ ಅಕ್ಕ, ತನ್ನವರಾದ ಹೆಂಗಸರು, ತನ್ನ ಬಣ್ಣದ ಜನ ಬೇಲಿಯ ಒಳಗೆ. ಹೊರಗಿದ್ದವರ ನೋವು ಅವನಿಗೆ ನೋವಾಗಿ ಕಾಣಲೇ ಇಲ್ಲ. ನಮ್ಮನ್ನು ಪ್ರೀತಿಸುವವರನ್ನು ಮಾತ್ರ ಪ್ರೀತಿಸಿದರೆ ಅದರಲ್ಲಿ ಹೆಚ್ಚಳವೇನು ಎಂದು ಯೇಸುಸ್ವಾಮಿಯು ಪರ್ವತ ಪ್ರಬೋಧನೆಯಲ್ಲಿ ಕೇಳಿದ ಪ್ರಶ್ನೆ ಎಷ್ಟು ಹರಿತವಾದುದೆಂದು ಬೂತನ ಬಾಳು ತೋರಿಸುತ್ತದೆ. ಬೇಲಿಯೊಳಗಿನ ಪ್ರೀತಿಯು ದ್ವೇಷಕ್ಕೆ ಅಡ್ಡಿಯಾಗುವುದಿಲ್ಲ. ಎಷ್ಟೋ ಬಾರಿ ‘ನನ್ನವರಿಗಾಗಿ’ ಎಂಬ ಮಾತೇ ದ್ವೇಷಕ್ಕೆ ಆಯುಧವನ್ನು ಒದಗಿಸುತ್ತದೆ.

ಅಂತಹ ಪ್ರೀತಿಯು ತನ್ನವರನ್ನಾದರೂ ಕಾಪಾಡಿತೇ? ಕೊಲೆಯ ಮರುದಿನ ಎಲಾ ಕ್ಲೋರೋಫಾರ್ಮ್ ಸೇವಿಸಿ ಸಾಯಲು ಯತ್ನಿಸಿದಳು, ಬದುಕಿಕೊಂಡಳು. ಲೂಸಿ ತಂದೆತಾಯಿಯರೊಡನೆ ಸ್ಪೇನ್ ದೇಶಕ್ಕೆ ತೆರಳಿದಳು. ಲಿಂಕನ್ನರಿಗೇ ಮತ ನೀಡಿದ್ದ ಅಣ್ಣ ಎಡ್ವಿನ್, ನಾಚಿಕೆಯಿಂದ ತಿಂಗಳುಗಟ್ಟಲೆ ರಂಗಭೂಮಿಯಿಂದ ದೂರವುಳಿದನು. ಅವಳಿ ಮಕ್ಕಳ ಬಸುರಿಯಾಗಿದ್ದ ಏಷಿಯಾಳ ಮನೆಗೆ ಕಾವಲು ಬಿತ್ತು. ಅವಳ ಗಂಡ ಸೆರೆಮನೆ ಕಂಡನು. ತಮ್ಮನ ನೆನಪುಗಳನ್ನು ಅವಳು ಗಂಡನಿಂದಲೂ ಬಚ್ಚಿಟ್ಟು ಬರೆಯಬೇಕಾಯಿತು. ಅವಳು 1888ರಲ್ಲಿ ತೀರಿಕೊಂಡು ಐವತ್ತು ವರ್ಷಗಳಾದ ಮೇಲೆ, 1938ರಲ್ಲಿ, ಅದು ಬೆಳಕು ಕಂಡಿತು. ತಪ್ಪು ಮಾಡಿದವನನ್ನು ಪ್ರೀತಿಸುವುದು ಪಾಪವಲ್ಲ. ಆದರೂ ಅಪರಾಧಿಯ ಮನೆಯವರನ್ನು ಊರು ಹೇಗೆ ನೋಡುತ್ತದೆಂಬುದು ನಮಗೂ ತಿಳಿದ ಸಂಗತಿಯೇ. ನಮ್ಮ ಬೇಲಿಯ ಹೊರಗೆ ನಿಂತವರಲ್ಲಿ ಅವರೂ ಇದ್ದಾರೆ.

ಓದುಗರೇ, ನಮ್ಮ ಪರ್ಸಿನಲ್ಲಿಯೂ ಭಾವಚಿತ್ರಗಳಿವೆ: ಹೆಂಡತಿ ಮಕ್ಕಳದು, ತೀರಿಹೋದ ತಾಯಿಯದು. ಅವನ್ನು ನೋಡಿ ಕಣ್ಣು ತೇವವಾದಾಗ ನಾವು ಒಳ್ಳೆಯವರೆಂದು ನಮಗೆ ಅನ್ನಿಸುತ್ತದೆ. ಆ ಕಣ್ಣೀರು ಸುಳ್ಳಲ್ಲ. ಆದರೆ ಅದಷ್ಟೇ ಸಾಲದು. ಮನೆಯ ಪ್ರೀತಿ ದೇವರು ನಮಗೆ ಕೊಟ್ಟ ಮೊದಲ ಪಾಠ. ಮೊದಲ ಪಾಠದಲ್ಲೇ ನಿಂತ ವಿದ್ಯಾರ್ಥಿ ಕಲಿತನೆನ್ನಲಾದೀತೇ? ಊಟದ ಮೇಜಿನಲ್ಲಿ ಮಕ್ಕಳ ಮುಂದೆ ಬೇರೆ ಜಾತಿಯವರ, ಬೇರೆ ಭಾಷೆಯವರ, ಬೇರೆ ಮತದವರ ಕುರಿತು ನಾವು ಆಡುವ ಮಾತಿನಲ್ಲಿಯೇ ಎರಡನೆಯ ಪಾಠದ ಪರೀಕ್ಷೆ ನಡೆಯುತ್ತದೆ. ಇಂದು ರಾತ್ರಿ ಮನೆಯವರಿಗಾಗಿ ಪ್ರಾರ್ಥಿಸುವಾಗ, ನಮ್ಮ ಬಳಿ ಯಾರ ಭಾವಚಿತ್ರವಿಲ್ಲವೋ ಅಂತಹ ಒಬ್ಬರ ಹೆಸರನ್ನೂ ಸೇರಿಸೋಣ.